ಮಂಗಳೂರಿನ ಬಾಸೆಲ್ ಮಿಶನ್ ಉದ್ಯಮಗಳೂ ಸರ್ಕಾರದ ನೀತಿಯೂ

ಬಾಸೆಲ್ ಮಿಶನ್ನಿನ ಹೆಸರೆತ್ತಿದೊಡನೆ ಕನ್ನಡ ವಿದ್ವಾಂಸರ ನೆನಪಿಗೆ ಬರುವುವು 1843ರ 'ಮಂಗಳೂರ ಸಮಾಚಾರ'ವೂ 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟೂ. ಆ ಮನ್ನಣೆ ಯುಕ್ತವಾದುದೇ. ಆದರೆ ಅದೇ ಸಂಸ್ಥೆಯನ್ನು ನಂಬಿ ಬಾಳಿದ ನೇಕಾರರ, ಹಂಚಿನ ಕೆಲಸಗಾರರ ಯೋಗಕ್ಷೇಮವು ರಾಜ್ಯನೀತಿಯೊಡನೆ ಎಷ್ಟು ಬಿಗಿಯಾಗಿ ಹೆಣೆದುಕೊಂಡಿತ್ತೆಂಬ ವಿಷಯವು ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ.

ಈ ಮಿಶನ್ನು ಮಂಗಳೂರಿಗೆ ಬಂದುದೇ ನೀತಿಯೊಂದರ ಬದಲಾವಣೆಯಿಂದ. ಈಸ್ಟ್ ಇಂಡಿಯಾ ಕಂಪೆನಿಯ 1833ರ ಸನ್ನದು ಇಂಗ್ಲಿಷರಲ್ಲದ ಮಿಶನರಿಗಳಿಗೂ ಈ ದೇಶದ ಬಾಗಿಲನ್ನು ತೆರೆಯಿತು. ಮರುವರ್ಷ, ಎಂದರೆ 1834ರ ಅಕ್ಟೋಬರಿನಲ್ಲಿ, ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರನ್ನು ಸೇರಿದರು. ಕ್ರೈಸ್ತಮತವನ್ನು ಹಿಡಿದವರು ಬಂಧುವರ್ಗವನ್ನೂ ಅನೇಕ ವೇಳೆ ಕುಲವೃತ್ತಿಯನ್ನೂ ಕಳೆದುಕೊಳ್ಳುತ್ತಿದ್ದರು. ಶೇಂದಿ ಇಳಿಸುವ ಕಸುಬನ್ನು ಮಿಶನ್ನೇ ಒಪ್ಪುತ್ತಿರಲಿಲ್ಲ. ಹೀಗೆ ನಿರಾಶ್ರಯರಾದವರಿಗೆ ಜೀವನೋಪಾಯವನ್ನು ಕಲ್ಪಿಸಬೇಕಾಗಿ ಬಂದುದರಿಂದ ಕೈಗಾರಿಕೆಗಳು ಹುಟ್ಟಿಕೊಂಡುವು. 1851ರಲ್ಲಿ ಬಂದ ಹಾಲರನ ಕಾಲದಲ್ಲಿ ನೇಯ್ಗೆಯು ಏಳಿಗೆ ಹೊಂದಿತು. 1865ರಲ್ಲಿ ಪ್ಲೆಬ್‌ಸ್ಟನು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ನೇತ್ರಾವತಿಯ ದಡದ ಆವೆಮಣ್ಣು ನೂರಾರು ಮನೆಗಳಿಗೆ ಅನ್ನವಾಯಿತು. 1859ರಲ್ಲಿ ಏರ್ಪಟ್ಟ ಮಿಶನ್ನಿನ ವ್ಯಾಪಾರ ಸಂಘದ ಲಾಭದಲ್ಲಿ ಒಂದು ಪಾಲು ಧರ್ಮಕಾರ್ಯಕ್ಕೆ ಸಲ್ಲುತ್ತಿದ್ದಿತು. ಶಾಲೆಗಳಿಗೆ 1854ರ ವಿದ್ಯಾನಿರೂಪದ ತರುವಾಯ ಸರ್ಕಾರದ ಸಹಾಯಧನದ ಮಾರ್ಗವೂ ತೆರೆಯಿತು. ದುಡಿಮೆ, ವಸತಿ, ವಿದ್ಯೆ, ಉಪಾಸನೆ ಇವೆಲ್ಲವೂ ಒಂದೇ ಸೂತ್ರದಲ್ಲಿ ಪೋಣಿಸಲ್ಪಟ್ಟುವು.

1914ರಲ್ಲಿ ಮಹಾಯುದ್ಧವು ಆರಂಭವಾಗಲು ಆ ಸೂತ್ರವು ಹರಿಯಿತು. ಬಾಸೆಲ್ ನಗರವು ತಟಸ್ಥವಾದ ಸ್ವಿಟ್ಜರ್ಲೆಂಡಿಗೆ ಸೇರಿದುದಾದರೂ ಮಿಶನರಿಗಳಲ್ಲಿ ಅನೇಕರು ಜರ್ಮನರು. ಸರ್ಕಾರವು ಅವರನ್ನು ಬಂಧನದಲ್ಲಿರಿಸಿ ಅನಂತರ ದೇಶದಿಂದ ಹೊರಕ್ಕೆ ಕಳುಹಿಸಿತು. 1919ರ ವರ್ಸೇಲ್ಸ್ ಒಡಂಬಡಿಕೆಯ 438ನೆಯ ವಿಧಿಯು, ಮಿಶನ್ನುಗಳ ಆಸ್ತಿಯನ್ನೂ ಅವುಗಳ ಪೋಷಣೆಗೆ ಲಾಭವನ್ನು ನೀಡುತ್ತಿದ್ದ ವ್ಯಾಪಾರ ಸಂಘಗಳ ಆಸ್ತಿಯನ್ನೂ ಧರ್ಮದರ್ಶಿಗಳಿಗೆ ಒಪ್ಪಿಸತಕ್ಕದ್ದೆಂದೂ ಅದು ಮಿಶನ್ ಕಾರ್ಯಕ್ಕೇ ವಿನಿಯೋಗವಾಗತಕ್ಕದ್ದೆಂದೂ ವಿಧಿಸಿತು. ಆದರೆ ಮಂಗಳೂರಿನಲ್ಲಿ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ವಶವಾದುವು. ಸಭೆಗಳ ಮತ್ತು ಶಾಲೆಗಳ ಆಡಳಿತವು ಬೇರೆಯ ಕೈಗಳಿಗೆ ಹೋಯಿತು. ಗೂಡುಗಳಲ್ಲಿ ಹಂಚು ಬೇಯುವುದು ನಿಲ್ಲಲಿಲ್ಲ; ಆದರೆ ಕಾರ್ಖಾನೆಗೂ ಶಾಲೆಗೂ ಒಬ್ಬನೇ ಯಜಮಾನನಿದ್ದ ಕಾಲವು ಮುಗಿಯಿತು.

ಹಳೆಯ ವ್ಯವಸ್ಥೆಯು ನಿರ್ದೋಷವಾಗಿತ್ತೆಂದು ಇದರಿಂದ ಭಾವಿಸಲಾಗದು. ಕೂಲಿಯನ್ನು ಕೊಡುವವನೇ ನಡತೆಯನ್ನೂ ವಿಚಾರಿಸುವವನಾದಲ್ಲಿ ಕೆಲಸಗಾರನ ಸ್ವಾತಂತ್ರ್ಯಕ್ಕೆ ಸಂಕೋಚವುಂಟು. ಸಕಲವೂ ಒಂದೇ ಸಂಸ್ಥೆಯಲ್ಲಿ ನೆಲೆಗೊಂಡಿದ್ದುದರಿಂದಲೇ ಅದಕ್ಕೆ ಬಿದ್ದ ಒಂದು ಪೆಟ್ಟು ಎಲ್ಲಕ್ಕೂ ತಗುಲಿತು. ಆದರೂ ಸರ್ಕಾರದ ನಿರ್ಣಯದಲ್ಲಿದ್ದ ಮುಖ್ಯವಾದ ಕೊರತೆ ಬೇರೊಂದು. ಲಂಡನ್ನಿನಲ್ಲಿಯೂ ವರ್ಸೇಲ್ಸಿನಲ್ಲಿಯೂ ವಿಚಾರಕ್ಕೆ ಬಂದುದು ಆಸ್ತಿ ಯಾರದೆಂಬ ಪ್ರಶ್ನೆಯೇ ಹೊರತು, ಅದನ್ನು ಆಶ್ರಯಿಸಿದ್ದ ಜೆಪ್ಪು, ಬಲ್ಮಠಗಳ ಸಂಸಾರಗಳ ಅಭಿಪ್ರಾಯವಲ್ಲ. ಅರ್ಧ ಶತಮಾನಕ್ಕೂ ಮೀರಿ ಆ ಮಣ್ಣನ್ನು ಕಲಸಿ ಹಂಚು ಮಾಡಿದವರಿಗೆ ಹಕ್ಕುಪತ್ರದಲ್ಲಿ ಸ್ಥಾನವಿರಲಿಲ್ಲ. ಶತ್ರುವಿನ ಸ್ವತ್ತೆಂದು ಪಟ್ಟಿಯಲ್ಲಿ ಬರೆಯಲ್ಪಟ್ಟುದು ಅವರ ಪಾಲಿಗೆ ಊರಿನ ಆಸರೆಯಾಗಿದ್ದಿತು. ಈ ವ್ಯತ್ಯಾಸವನ್ನು ಗಣಿಸದೆ ಬರೆದ ಮಿಶನ್ ಚರಿತ್ರೆಯು ಅಪೂರ್ಣವೇ ಸರಿ.