ಕೋವಿ: ಹಕ್ಕೋ, ವಿನಾಯಿತಿಯೋ?

1927ರಲ್ಲಿ ನಾಗಪುರದ ಬೀದಿಗಳಲ್ಲಿ ಒಂದು ವಿಲಕ್ಷಣ ಸತ್ಯಾಗ್ರಹ ನಡೆಯಿತು. ಮಂಚೇರ್ಶಾ ಅವಾರಿ ಎಂಬ ಪಾರ್ಸಿ ಕಾಂಗ್ರೆಸ್ಸಿಗರ ನೇತೃತ್ವದಲ್ಲಿ ಸ್ವಯಂಸೇವಕರು ಬಹಿರಂಗವಾಗಿ ಕತ್ತಿ ಹಿಡಿದು ನಡೆದು, ಶಸ್ತ್ರಾಸ್ತ್ರ ಕಾಯ್ದೆಯನ್ನು ಮುರಿದು ಜೈಲು ಸೇರಿದರು. ಬಂಗಾಳದಲ್ಲಿ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದವರನ್ನು ಬಿಡುಗಡೆ ಮಾಡಬೇಕೆಂಬುದು ಅವರ ಬೇಡಿಕೆಯಾಗಿತ್ತು. ಆ ವರ್ಷದ ಬೇಸಗೆಯಲ್ಲಿ ಗಾಂಧೀಜಿ ಅನಾರೋಗ್ಯದ ನಿಮಿತ್ತ ನಮ್ಮ ನಂದಿಬೆಟ್ಟದಲ್ಲಿ ವಿಶ್ರಾಂತಿಯಲ್ಲಿದ್ದರು. ಕತ್ತಿ ಹಿಡಿದ ಸತ್ಯಾಗ್ರಹ ಅವರಿಗೆ ಒಪ್ಪಿಗೆಯಾಗಲಿಲ್ಲ. ‘ಯಂಗ್ ಇಂಡಿಯಾ’ದಲ್ಲಿ ಹಾಗೆಂದು ಬರೆದರು. ಜನ ಅವಾರಿಯವರನ್ನು ‘ಜನರಲ್ ಅವಾರಿ’ ಎಂದೇ ಕರೆಯತೊಡಗಿದರು.

ಅವಾರಿಯವರು ನ್ಯಾಯಾಲಯಕ್ಕೆ ಹೋಗದೆ ಬೀದಿಗಿಳಿದದ್ದು ಏಕೆ? ಲಾರ್ಡ್ ಲಿಟ್ಟನ್‌ನ ಕಾಲದಲ್ಲಿ ಬಂದ 1878ರ ಕಾಯ್ದೆಯ ಎದುರು ಪ್ರಜೆಗೆ ಹೇಳಿಕೊಳ್ಳಲು ಹಕ್ಕೇ ಇರಲಿಲ್ಲ. ಭಾರತೀಯನು ಆಯುಧಕ್ಕೆ ಪರವಾನಗಿ ಪಡೆಯಬೇಕಿತ್ತು. ಯುರೋಪಿಯನ್ನರಿಗೆ ಮೊದಲಿನಿಂದಲೂ ವಿನಾಯಿತಿಯಿತ್ತು. ಯಾರನ್ನು ನಂಬಬೇಕು, ಯಾರನ್ನು ನಂಬಬಾರದು ಎಂಬುದನ್ನು ಆಳುವವರೇ ತೀರ್ಮಾನಿಸುತ್ತಿದ್ದರು. ಅದಕ್ಕೆ ಕಾರಣ ಕೊಡುವ ಹೊಣೆ ಅವರ ಮೇಲಿರಲಿಲ್ಲ.

ಇದೇ ನೀತಿಯ ಇನ್ನೊಂದು ಮುಖವನ್ನು ಕೊಡಗಿನಲ್ಲಿ ಕಾಣಬಹುದು. 1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1857ರ ದಂಗೆಯ ಬಳಿಕ ದೇಶದಾದ್ಯಂತ ಜನರಿಂದ ಆಯುಧ ಕಸಿಯುವ ಕಾನೂನು ಬಂದಾಗ, 1861ರಲ್ಲಿ ಮೈಸೂರು ಮತ್ತು ಕೊಡಗಿನ ಆಡಳಿತ ನಡೆಸುತ್ತಿದ್ದ ಮಾರ್ಕ್ ಕಬ್ಬನ್ ಕೊಡವರನ್ನು ಅದರಿಂದ ಹೊರಗಿಟ್ಟರು. ಅವರ ಶೌರ್ಯ ಮತ್ತು ನಿಷ್ಠೆ ಅದಕ್ಕೆ ಕೊಟ್ಟ ಕಾರಣ. ನಿಷ್ಠೆ ಎಂದರೆ ಬ್ರಿಟಿಷರಿಗೆ ತೋರಿದ ನಿಷ್ಠೆ. ಆದರೆ ಕೋವಿಗೂ ಕೊಡವರಿಗೂ ಇರುವ ನಂಟು ಕಬ್ಬನ್ ಸಾಹೇಬರು ಕೊಟ್ಟದ್ದಲ್ಲ. ಕೈಲ್‌ಪೊಳ್ದ್ ದಿನ ಆಯುಧಗಳನ್ನು ತೊಳೆದು, ಹೂವಿಟ್ಟು ಪೂಜಿಸುತ್ತಾರೆ. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡಿನ ಸದ್ದು ಕೇಳಬೇಕು. ಮನೆಯಲ್ಲಿ ಸಾವಾದರೆ ಆ ಸುದ್ದಿಯನ್ನು ಊರಿಗೆ ತಿಳಿಸುವುದೂ ಕೋವಿಯೇ. ಪರದೇಶದ ದೊರೆ ರಾಜಕೀಯ ಲೆಕ್ಕಾಚಾರದಿಂದ ಕೊಟ್ಟದ್ದು, ನೆಲದ ಆಚಾರದೊಡನೆ ಬೆರೆತು ಉಳಿಯಿತು.

ಸ್ವಾತಂತ್ರ್ಯ ಬಂದಾಗ ಆಯುಧ ಎಲ್ಲರ ಹಕ್ಕಾಗಬೇಕಿತ್ತಲ್ಲವೇ? ಹಾಗೆಂದು 1928ರ ನೆಹರೂ ವರದಿಯೂ 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯವೂ ಹೇಳಿದ್ದವು; ನಿಯಮಗಳಿಗೆ ಒಳಪಟ್ಟು ಪ್ರತಿಯೊಬ್ಬ ಪ್ರಜೆಗೂ ಆಯುಧ ಹೊಂದುವ ಹಕ್ಕುಂಟು ಎಂದು ಅವು ಸಾರಿದ್ದವು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಈ ಮಾತನ್ನು ಮೂಲಭೂತ ಹಕ್ಕುಗಳಿಗೆ ಸೇರಿಸಲು ತಿದ್ದುಪಡಿ ಮಂಡಿಸಿದವರು ಹರಿ ವಿಷ್ಣು ಕಾಮತರು. ಮಂಗಳೂರಿನಲ್ಲಿ ಹುಟ್ಟಿದ ಅವರು ಐ.ಸಿ.ಎಸ್. ಹುದ್ದೆ ಬಿಟ್ಟು ಚಳವಳಿಗೆ ಇಳಿದವರು; ಸಭೆಯಲ್ಲಿ ಪ್ರತಿನಿಧಿಸಿದ್ದು ನಾಗಪುರ ರಾಜಧಾನಿಯಾಗಿದ್ದ ಮಧ್ಯಪ್ರಾಂತ ಮತ್ತು ಬೇರಾರನ್ನು. ಹೊರನಾಡಿನ ಕನ್ನಡಿಗರು ನೆನೆಯಬೇಕಾದ ಹೆಸರು ಅದು. ಅಂಬೇಡ್ಕರರು ಒಪ್ಪಲಿಲ್ಲ. ಯಾರು ಬೇಕಾದರೂ ಪೇಟೆಗೆ ಹೋಗಿ ಆಯುಧ ಕೊಳ್ಳಬಹುದಾದರೆ ರಾಜ್ಯಾಡಳಿತ ನಡೆಯುವುದು ಹೇಗೆ ಎಂಬುದು ಅವರ ಪ್ರಶ್ನೆ. ತಿದ್ದುಪಡಿ ಬಿದ್ದುಹೋಯಿತು. ನಮ್ಮ ಸಂವಿಧಾನದ 19ನೆಯ ವಿಧಿ ಸಭೆ ಸೇರುವ ಹಕ್ಕನ್ನು ಕೊಡುವಾಗಲೂ ‘ನಿರಾಯುಧರಾಗಿ’ ಎಂಬ ಷರತ್ತನ್ನು ಸೇರಿಸಿಯೇ ಕೊಡುತ್ತದೆ.

ಹಾಗಾಗಿ ಅಮೆರಿಕದ ದಾರಿ ಬೇರೆ, ನಮ್ಮದು ಬೇರೆ. 2008ರಲ್ಲಿ ವಾಷಿಂಗ್ಟನ್ ನಗರದ ಒಬ್ಬ ನಿವಾಸಿ ಪಿಸ್ತೂಲಿನ ನಿಷೇಧವನ್ನು ಪ್ರಶ್ನಿಸಿ ಗೆದ್ದದ್ದು ಅಲ್ಲಿನ ಸಂವಿಧಾನದ ಎರಡನೆಯ ತಿದ್ದುಪಡಿಯ ಬಲದಿಂದ. ಇಲ್ಲಿ 1993ರಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರು ಆಯುಧದ ಹಕ್ಕು 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲೇ ಅಡಗಿದೆ ಎಂದು ತೀರ್ಪಿತ್ತರು. ಕೆಲವೇ ವರ್ಷಗಳಲ್ಲಿ ಅದೇ ನ್ಯಾಯಾಲಯದ ಪೂರ್ಣಪೀಠ ಅದನ್ನು ತಳ್ಳಿಹಾಕಿತು. ಆಯುಧ ನಮ್ಮಲ್ಲಿ ಮೂಲಭೂತ ಹಕ್ಕಲ್ಲ.

ಹಾಗಾದರೆ ಸಾಮಾನ್ಯ ಪ್ರಜೆ ನ್ಯಾಯಾಲಯದಲ್ಲಿ ಕೇಳಬಹುದಾದದ್ದು ಏನು? ‘ಕಾರಣ’. 1959ರ ಶಸ್ತ್ರಾಸ್ತ್ರ ಕಾಯ್ದೆಯ 14ನೆಯ ಕಲಮಿನಂತೆ ಪರವಾನಗಿ ನಿರಾಕರಿಸುವ ಅಧಿಕಾರಿ ಅದರ ಕಾರಣವನ್ನು ಬರೆದಿಡಬೇಕು. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ನೆಪದಿಂದ ನಿರಾಕರಿಸುವಂತಿಲ್ಲ. 18ನೆಯ ಕಲಮಿನಡಿ ಮೇಲ್ಮನವಿಯುಂಟು, ಅದರಾಚೆ ಹೈಕೋರ್ಟುಂಟು. ಕಡತಗಳ ನಡುವೆ ದಿನ ಕಳೆಯುವ ನನ್ನಂಥ ನೌಕರನಿಗೆ ಇದು ಚಿಕ್ಕ ಸಂಗತಿಯಾಗಿ ಕಾಣುವುದಿಲ್ಲ. ಕಾರಣ ಬರೆಯಲೇಬೇಕಾದ ಅಧಿಕಾರಿ ದೊರೆಯಾಗಲಾರ.

ಈ ‘ಏಕೆ’ ಎಂಬ ಪ್ರಶ್ನೆ ಕೊನೆಗೆ ಕೊಡಗಿನ ವಿನಾಯಿತಿಯ ಬಾಗಿಲನ್ನೂ ತಟ್ಟಿತು. ಅದೇ ಕಾಯ್ದೆಯ 41ನೆಯ ಕಲಮಿನಡಿ ಸಾರ್ವಜನಿಕ ಹಿತದ ದೃಷ್ಟಿಯಿಂದ ಕೇಂದ್ರ ಸರ್ಕಾರ ಯಾವುದೇ ವರ್ಗಕ್ಕೆ ವಿನಾಯಿತಿ ಕೊಡಬಹುದು. 2019ರ ಅಕ್ಟೋಬರ್ 29ರ ಅಧಿಸೂಚನೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರ ಅಕ್ಟೋಬರ್ 31ರವರೆಗೆ ಅದನ್ನು ಮುಂದುವರಿಸಿತು. ನಿವೃತ್ತ ಸೇನಾ ಕ್ಯಾಪ್ಟನ್ ಒಬ್ಬರು ಕರ್ನಾಟಕ ಹೈಕೋರ್ಟಿನಲ್ಲಿ ಇದನ್ನು ಪ್ರಶ್ನಿಸಿದರು: ಹುಟ್ಟಿದ ಕುಲವನ್ನೂ ಪೂರ್ವಜರ ಭೂ ಹಿಡುವಳಿಯನ್ನೂ ನೋಡಿ ಕಾನೂನು ಪ್ರಜೆಗಳಲ್ಲಿ ಭೇದವೆಣಿಸಬಹುದೇ? 2021ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿತು. ಸ್ವಾತಂತ್ರ್ಯಪೂರ್ವದಿಂದ ಬಂದ ಸವಲತ್ತು, ಸಮರ ಪರಂಪರೆಯ ಸಮುದಾಯ, ಷರತ್ತುಗಳಿಗೂ ಕಾಲಮಿತಿಗೂ ಒಳಪಟ್ಟ ವಿನಾಯಿತಿ: ಇವು ತೀರ್ಪಿಗೆ ಆಧಾರವಾದವು.

ತೀರ್ಪು ನನಗೆ ಸರಿಯೆಂದೇ ತೋರುತ್ತದೆ. ಕೋವಿಯನ್ನು ದೇವರ ಮುಂದಿಟ್ಟು ಪೂಜಿಸುವ ಮನೆಗೆ ಅದು ಬರಿಯ ಆಯುಧವಲ್ಲ. ಆದರೆ ಅರ್ಜಿದಾರರು ಸೋತರೂ ಅವರು ಕೇಳಿದ್ದು ವ್ಯರ್ಥವಾಗಲಿಲ್ಲ. ‘ಶೂರರು’, ‘ನಿಷ್ಠರು’ ಎಂಬ ವಸಾಹತು ಕಾಲದ ಪ್ರಶಸ್ತಿಪತ್ರ ಗಣರಾಜ್ಯದಲ್ಲಿ ಸಾಲದು. ಒಂದು ಸಮುದಾಯವನ್ನು ಶೂರರೆಂದಾಗ ಪಕ್ಕದವರನ್ನು ಏನೆಂದಂತಾಯಿತು ಎಂಬ ಪ್ರಶ್ನೆಯೂ ಅದರ ಬೆನ್ನಿಗಿರುತ್ತದೆ. ಆಚಾರ, ಅಗತ್ಯ, ಷರತ್ತುಗಳ ಪಾಲನೆ ಇವುಗಳ ಮೇಲೆ ವಿನಾಯಿತಿ ನಿಂತರೆ ಅದು ಗಟ್ಟಿ. 2029ರಲ್ಲಿ ಅವಧಿ ಮುಗಿದಾಗ ಸರ್ಕಾರ ಮತ್ತೆ ಕಾರಣ ಬರೆಯಬೇಕು. ಬೇಕೆನಿಸಿದವರು ಮತ್ತೆ ಪ್ರಶ್ನಿಸಬಹುದು. 1861ರಲ್ಲಿ ಕಬ್ಬನ್ ಸಾಹೇಬರನ್ನು ಹಾಗೆ ಕೇಳಬಲ್ಲವರು ಯಾರೂ ಇರಲಿಲ್ಲ. 1927ರಲ್ಲಿ ಕೇಳಬಯಸಿದ ಅವಾರಿಯವರು ಜೈಲಿಗೆ ಹೋಗಬೇಕಾಯಿತು.