ಅಂಚೆಯಲ್ಲಿ ಬಾರದ ಸಿನಿಮಾ: ಡಿವಿಡಿ ಬಾಡಿಗೆಯಿಂದ ಸ್ಟ್ರೀಮಿಂಗ್‌ವರೆಗೆ

2000ರ ದಶಕದ ಮಧ್ಯಭಾಗದಲ್ಲಿ ಬೆಂಗಳೂರಿನ ಚಿತ್ರರಸಿಕರು ಅಂತರ್ಜಾಲದಲ್ಲಿ ತಮಗೆ ಬೇಕಾದ ಚಿತ್ರಗಳ ಪಟ್ಟಿ ಬರೆದಿಟ್ಟು, ಮನೆಬಾಗಿಲಲ್ಲೇ ಡಿವಿಡಿ ಪಡೆಯತೊಡಗಿದ್ದರು. ಅದೇ ಹೊತ್ತಿನಲ್ಲಿ ಉಡುಪಿಯಿಂದ ಕುಂದಾಪುರದತ್ತ ಸಾಗುವ ಹೆದ್ದಾರಿಯ ಸಂತೆಕಟ್ಟೆಯವರಿಗೆ ಸಿನಿಮಾ ಎಂದರೆ ಉಡುಪಿಯ ಚಿತ್ರಮಂದಿರ, ಇಲ್ಲವೇ ಅಂಗಡಿಯಿಂದ ತಂದ ಸಿಡಿ. ಅಂಚೆಯಣ್ಣ ಎರಡೂ ಊರುಗಳಿಗೆ ಬರುತ್ತಿದ್ದ. ಆದರೂ ಬಾಡಿಗೆ ಡಿವಿಡಿ ಮಹಾನಗರವನ್ನು ದಾಟಿ ಕರಾವಳಿಯ ಪೇಟೆಗಳಿಗೆ ಇಳಿಯಲಿಲ್ಲ. ಇದಕ್ಕೆ ಕಾರಣ ತಂತ್ರಜ್ಞಾನದ ಕೊರತೆಯೊಂದೇ ಅಲ್ಲ. ಸಾಗಣೆಯ ವೆಚ್ಚ ಮತ್ತು ಕಾನೂನು ಅದಕ್ಕಿಂತ ದೊಡ್ಡ ಕಾರಣಗಳು.

ಅಂಚೆ ಬಾಡಿಗೆಯ ಮಾದರಿ ಅಮೆರಿಕದ್ದು. 1997ರಲ್ಲಿ ಸ್ಥಾಪನೆಗೊಂಡ ನೆಟ್‌ಫ್ಲಿಕ್ಸ್ 1998ರಲ್ಲಿ ಡಿವಿಡಿಗಳನ್ನು ಅಂಚೆಯ ಮೂಲಕ ಕಳುಹಿಸಲು ಆರಂಭಿಸಿತು. 1999ರಲ್ಲಿ ತಿಂಗಳ ಚಂದಾ ಪದ್ಧತಿ ತಂದಿತು. ಕೆಂಪು ಲಕೋಟೆಯಲ್ಲಿ ಬಂದ ತಟ್ಟೆಯನ್ನು ನೋಡಿ ಮುಗಿಸಿ, ಅದೇ ಲಕೋಟೆಯಲ್ಲಿ ಹಿಂದಿರುಗಿಸಿದರಾಯಿತು; ತಡವಾದರೆ ದಂಡವಿಲ್ಲ. ಆ ದೇಶದ ಕಾನೂನಿನ ಪ್ರಕಾರ, ಸಕ್ರಮವಾಗಿ ಕೊಂಡ ಡಿವಿಡಿಯನ್ನು ಬಾಡಿಗೆಗೆ ಕೊಡಲು ನಿರ್ಮಾಪಕರ ಅನುಮತಿ ಬೇಕಿರಲಿಲ್ಲ. ಪೇಟೆಯಿಂದ ಕೊಂಡು ತಂದು ಬಾಡಿಗೆಗೆ ಬಿಡಬಹುದಿತ್ತು. ಸಾವಿರಾರು ಚಿತ್ರಗಳ ಸಂಗ್ರಹ ಬೆಳೆದದ್ದು ಹೀಗೆ.

ಭಾರತದ ಕಾನೂನು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಂ, 1994ರ ತಿದ್ದುಪಡಿಯ ಬಳಿಕ, ಚಲನಚಿತ್ರದ ಪ್ರತಿಯನ್ನು ಬಾಡಿಗೆಗೆ ಕೊಡುವ ಹಕ್ಕನ್ನು ಚಿತ್ರದ ಹಕ್ಕುದಾರರಿಗೇ ಮೀಸಲಿಟ್ಟಿತ್ತು. ಆ ಪ್ರತಿ ಮೊದಲೇ ಮಾರಾಟವಾಗಿದ್ದರೂ ಈ ಹಕ್ಕು ಅಳಿಯುತ್ತಿರಲಿಲ್ಲ. 2009ರಲ್ಲಿ ದೆಹಲಿ ಹೈಕೋರ್ಟ್ ಇದನ್ನು ಖಚಿತವಾಗಿ ಹೇಳಿತು. ಚೆನ್ನೈನ ಸಿನಿಮಾ ಪ್ಯಾರಡೈಸೊ ಎಂಬ ವಿಡಿಯೋ ಲೈಬ್ರರಿ ಅಮೆರಿಕದಲ್ಲಿ ಸಕ್ರಮವಾಗಿ ಕೊಂಡ ಡಿವಿಡಿಗಳನ್ನು ಬಾಡಿಗೆಗೆ ನೀಡುತ್ತಿತ್ತು. ವಾರ್ನರ್ ಬ್ರದರ್ಸ್ ಹೂಡಿದ ದಾವೆಯಲ್ಲಿ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ನಕಲಿ ಸಿಡಿಯ ಪ್ರಕರಣ ಇದಲ್ಲ, ಅಸಲಿಯದು ಎಂಬುದು ಗಮನಾರ್ಹ. ಬೀದಿಬದಿಯ ನಕಲಿ ಸಿಡಿ ಮಾರಾಟ ಯಥಾಪ್ರಕಾರ ನಡೆದಿರುವಾಗ, ಬೆಲೆ ಕೊಟ್ಟು ಕೊಂಡವನು ಕಟಕಟೆ ಹತ್ತಿದ್ದು ಕಾನೂನಿನ ಒಂದು ವಿಪರ್ಯಾಸ. ಹೀಗಾಗಿ ನ್ಯಾಯವಾಗಿ ವ್ಯಾಪಾರ ಮಾಡಬಯಸಿದವರು ಪ್ರತಿ ಚಿತ್ರಕ್ಕೂ ಹಕ್ಕುದಾರರನ್ನು ಹುಡುಕಬೇಕಾಯಿತು. ಹಳೆಯ ಕನ್ನಡ ಚಿತ್ರಗಳ ಹಕ್ಕು ಯಾರ ಕೈಯಲ್ಲಿದೆ ಎಂದು ಪತ್ತೆಹಚ್ಚುವುದೇ ಪ್ರಯಾಸದ ಕೆಲಸ. 2012ರ ತಿದ್ದುಪಡಿ ಈ ಕಲಮಿನ ಪದಗಳನ್ನು ಬದಲಿಸಿತಾದರೂ, ಅಷ್ಟರಲ್ಲಿ ಡಿವಿಡಿ ಬಾಡಿಗೆಯ ಕಾಲವೇ ಮುಗಿಯುತ್ತ ಬಂದಿತ್ತು.

ಬೆಂಗಳೂರಿನ ಸೆವೆಂಟಿಎಂಎಂ, ರಿಲಯನ್ಸ್ ಸಮೂಹ 2008ರಲ್ಲಿ ಆರಂಭಿಸಿದ ಬಿಗ್‌ಫ್ಲಿಕ್ಸ್ ಮೊದಲಾದವು ಈ ವ್ಯವಹಾರದ ಪ್ರಮುಖ ಹೆಸರುಗಳು. ಭಾರತದಲ್ಲಿ ಡಿವಿಡಿಗಳು ಲಕೋಟೆಯಲ್ಲಲ್ಲ, ಹೆಚ್ಚಾಗಿ ಹುಡುಗರ ಬೈಕಿನಲ್ಲಿ ಸಾಗಿದವು. ಒಂದೇ ಬಡಾವಣೆಯಲ್ಲಿ ಹತ್ತಾರು ಚಂದಾದಾರರಿದ್ದರೆ ಮಾತ್ರ ಬೈಕಿನ ಖರ್ಚು ಹುಟ್ಟುತ್ತದೆ. ಕಾಪು, ಕಾರ್ಕಳ, ಸಂತೆಕಟ್ಟೆಗಳಿಗೆ ಆ ಲೆಕ್ಕ ಹೊಂದದು. ಇಂತಹ ಸೇವೆಗಳ ಗ್ರಾಹಕರ ಅನುಭವವೂ ಮಿಶ್ರವಾಗಿತ್ತು. ಹಳೆಯ ಆಂಗ್ಲ ಚಿತ್ರಗಳು ಸುಲಭವಾಗಿ ದೊರೆಯುತ್ತಿದ್ದರೆ, ಪಟ್ಟಿಯ ತುದಿಯಲ್ಲಿಟ್ಟ ಹೊಸ ಚಿತ್ರ ಮಾತ್ರ ಬೇರೆಯವರ ಮನೆಯಲ್ಲೇ ಇರುತ್ತಿತ್ತು. ಗೀರು ಬಿದ್ದ ತಟ್ಟೆ ಕಥೆಯ ತುತ್ತತುದಿಯಲ್ಲಿ ನಿಂತುಬಿಡುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಬೆಲೆ. 2007ರಲ್ಲಿ ಮೋಸರ್ ಬೇರ್ ಸಂಸ್ಥೆ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಾಟಕ್ಕಿಟ್ಟಿತು. ಬಾಡಿಗೆಯ ಆಸುಪಾಸಿನ ಹಣಕ್ಕೆ ಚಿತ್ರವೇ ಸ್ವಂತವಾಗುವಾಗ ಹಿಂದಿರುಗಿಸುವ ತಾಪತ್ರಯ ಯಾರಿಗೆ ಬೇಕು?

ಡಿವಿಡಿ ಬಾಡಿಗೆ ಕಾಣದ ಕರಾವಳಿಗೆ ಬ್ರಾಡ್‌ಬ್ಯಾಂಡ್ ಬಂದಿತು. 2005ರಲ್ಲಿ ಬಿಎಸ್ಸೆನ್ನೆಲ್ ಡಾಟಾವನ್ ಆರಂಭಿಸಿದಾಗ ವೇಗ ಸೆಕೆಂಡಿಗೆ 256 ಕಿಲೋಬಿಟ್. ಈ ವೇಗದಲ್ಲಿ 4.7 ಗಿಗಾಬೈಟ್‌ನ ಒಂದು ಡಿವಿಡಿ ಇಳಿಯಲು ಸುಮಾರು 40 ತಾಸು ಬೇಕು. ಕೆಲವು ಯೋಜನೆಗಳಲ್ಲಿ ಬೆಳಗಿನ ಜಾವ 2ರಿಂದ 8 ಗಂಟೆಯವರೆಗಿನ ಬಳಕೆಗೆ ಶುಲ್ಕವಿರಲಿಲ್ಲ. ಆ ಆರು ತಾಸುಗಳಲ್ಲಿ ಹೆಚ್ಚೆಂದರೆ 690 ಮೆಗಾಬೈಟ್ ಇಳಿಯುತ್ತಿತ್ತು, ಅಂದರೆ ಸರಿಸುಮಾರು ಒಂದು ಸಿಡಿಯಷ್ಟು. ರಾತ್ರಿಗೊಂದು ಸಿನಿಮಾ! ಅದೂ ಕರೆಂಟು ಹೋಗದಿದ್ದರೆ. ಮಳೆಗಾಲದ ಗುಡುಗು ಸಿಡಿಲಿಗೆ ಹೆದರಿ ಮೋಡೆಮ್ಮಿನ ತಂತಿಯನ್ನು ಕಿತ್ತಿಡುವುದು ಕರಾವಳಿಯ ಮನೆಗಳಲ್ಲಿ ವಾಡಿಕೆಯಾಗಿತ್ತು; ದೂರವಾಣಿಯ ತಾಮ್ರದ ತಂತಿಯ ಮೂಲಕ ಸಿಡಿಲು ಮೋಡೆಮ್ಮನ್ನೇ ಸುಟ್ಟುಹಾಕಿದ ನಿದರ್ಶನಗಳು ಹಲವು. 2007ರಲ್ಲಿ ವೇಗ 2 ಮೆಗಾಬಿಟ್‌ಗೆ ಏರಿದ ಮೇಲೆ ಪರಿಸ್ಥಿತಿ ತುಸು ಸುಧಾರಿಸಿತು.

ಅದೇ ವರ್ಷದ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಸ್ಟ್ರೀಮಿಂಗ್ ಆರಂಭಿಸಿತು. ಆಗ ಚಂದಾದ ಪ್ರತಿ ಡಾಲರಿಗೆ ತಿಂಗಳಿಗೆ ಒಂದು ತಾಸಿನಂತೆ ವೀಕ್ಷಣೆಯ ಮಿತಿಯಿತ್ತು. ಈ ಸೇವೆ ಅಮೆರಿಕದಲ್ಲಿ ನೆಲೆಸಿದ್ದ ಕನ್ನಡಿಗರಿಗೆ ದೊರೆತರೂ, ತವರಿನ ಅವರ ಬಂಧುಗಳಿಗೆ ದೊರೆಯಲಿಲ್ಲ. ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂದದ್ದು 2016ರ ಜನವರಿಯಲ್ಲಿ. ಅಲ್ಲಿಯವರೆಗೆ ಹೆಚ್ಚಿನವರಿಗೆ ಯೂಟ್ಯೂಬೇ ಆಸರೆ. ಸಾಮಾನ್ಯ ಬಳಕೆದಾರರ ವಿಡಿಯೋಗಳಿಗೆ ಅದು ವಿಧಿಸಿದ್ದ 10 ನಿಮಿಷಗಳ ಮಿತಿಯಿಂದಾಗಿ ಕನ್ನಡ ಚಿತ್ರಗಳು ಹದಿನಾಲ್ಕೋ ಹದಿನೈದೋ ತುಂಡುಗಳಾಗಿ ದೊರೆಯುತ್ತಿದ್ದವು. ಒಂಬತ್ತನೆಯ ತುಂಡು ಕಾಣೆಯಾದರೆ ನಾಯಕಿ ಮುನಿದದ್ದೇಕೆ ಎಂಬುದನ್ನು ನೋಡುಗನೇ ಊಹಿಸಿಕೊಳ್ಳಬೇಕು. 2010ರಲ್ಲಿ ಮಿತಿ ಮೊದಲು 15 ನಿಮಿಷಕ್ಕೇರಿ, ವರ್ಷಾಂತ್ಯಕ್ಕೆ ಅರ್ಹ ಬಳಕೆದಾರರಿಗೆ ತೆರವಾಯಿತು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಬಳಿಕ ಮೊಬೈಲ್ ಡಾಟಾ ಅಗ್ಗವಾಗಿ, ಸಂತೆಕಟ್ಟೆಗೂ ಬೆಂಗಳೂರಿಗೂ ಇದ್ದ ಅಂತರ ಬಹುಮಟ್ಟಿಗೆ ಅಳಿಯಿತು. 2020ರ ಜುಲೈಯಲ್ಲಿ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್ ನಿರ್ಮಿಸಿದ 'ಲಾ' ಚಿತ್ರ ಚಿತ್ರಮಂದಿರವನ್ನು ಕಾಣದೆ ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ತೆರೆಕಂಡಾಗ ಎರಡೂ ಊರುಗಳವರು ಅದನ್ನು ಒಂದೇ ದಿನ ನೋಡಬಹುದಾಗಿತ್ತು.

ಆದರೆ ಹಕ್ಕಿನ ಪ್ರಶ್ನೆ ಬಗೆಹರಿದಿಲ್ಲ. ಒಪ್ಪಂದದ ಅವಧಿ ಮುಗಿದೊಡನೆ ಚಿತ್ರ ಸ್ಟ್ರೀಮಿಂಗ್ ಪಟ್ಟಿಯಿಂದ ಮಾಯವಾಗುತ್ತದೆ. ಚಂದಾ ಕಟ್ಟಿದವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರ್ 29ರಂದು ಕೊನೆಯ ಡಿವಿಡಿಗಳನ್ನು ಅಂಚೆಗೆ ಹಾಕಿದಾಗ, ಅವನ್ನು ಹಿಂದಿರುಗಿಸಬೇಕಿಲ್ಲ, ಇಟ್ಟುಕೊಳ್ಳಬಹುದು ಎಂದು ಗ್ರಾಹಕರಿಗೆ ತಿಳಿಸಿತ್ತು. ಕರಾವಳಿಯ ಮನೆಗಳ ಕಪಾಟುಗಳಲ್ಲೂ ಇಟ್ಟುಕೊಂಡ ತಟ್ಟೆಗಳಿವೆ: ಯಕ್ಷಗಾನ, ತುಳು ನಾಟಕ, ಯಾವ ಆ್ಯಪ್‌ನಲ್ಲೂ ಸಿಗದ ಹಳೆಯ ಚಿತ್ರಗಳ ವಿಸಿಡಿಗಳು. ಹೊಸ ಲ್ಯಾಪ್‌ಟಾಪುಗಳಲ್ಲಿ ಅವನ್ನು ಹಾಕುವ ಜಾಗವಿಲ್ಲ. ಮದುವೆಯ ಹಳೆಯ ಕ್ಯಾಸೆಟ್‌ಗಳೊಡನೆ ಇವನ್ನೂ ಸ್ಟುಡಿಯೋಗೆ ಒಯ್ದು ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳುವವರಿದ್ದಾರೆ.