ಕೆಂಪು ಯಾವುದರ ಗುರುತು? ಸಂಡೂರು–ಹಂಪಿ ಸೀಮೆಯಲ್ಲಿ ಹವಾಮಾನ ದತ್ತಾಂಶ ಮತ್ತು ಕಲೆ

ರೆಡಿಂಗ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಎಡ್ ಹಾಕಿನ್ಸ್ 2018ರಲ್ಲಿ ರೂಪಿಸಿದ ತಾಪದ ಪಟ್ಟೆಗಳಲ್ಲಿ ಅಂಕಿಯಿಲ್ಲ, ಅಕ್ಷರವಿಲ್ಲ. ವರ್ಷಕ್ಕೊಂದು ಪಟ್ಟೆ, ಸರಾಸರಿಗಿಂತ ತಂಪಾದ ವರ್ಷ ನೀಲಿ, ಬಿಸಿಯಾದದ್ದು ಕೆಂಪು. ಭಾಷೆಯ ಹಂಗಿಲ್ಲದ ಈ ಚಿತ್ರ ಎಲ್ಲ ದೇಶಗಳಿಗೂ ಸಲ್ಲುತ್ತದೆಂಬ ನಂಬಿಕೆ ಬಲವಾಗಿದೆ. ಅದನ್ನೇ ತೋರಣಗಲ್ಲು ಬಳಿಯ ವಡ್ಡು ಗ್ರಾಮದ ಒಂದು ಗೋಡೆಗೆ ಬಳಿದರೆ ಜನ ಏನೆಂದು ಓದಿಯಾರು? ಬಣ್ಣಕ್ಕೆ ಈ ಸೀಮೆಯಲ್ಲಿ ಮೊದಲೇ ಬೇರೆ ಅರ್ಥಗಳಿವೆ. ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕಲೆ ದತ್ತಾಂಶಕ್ಕೆ ಹೊದಿಸಿದ ಅಲಂಕಾರವಾಗಿ ಉಳಿಯುತ್ತದೆ ಎಂಬುದು ನನ್ನ ವಾದ.

ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಕೆಂಪು, ನೀಲಿ ಎರಡೂ ನೆಲದ ಬಣ್ಣಗಳು. ಅವುಗಳ ಮೇಲೆ ಕನ್ನಡಿ, ಕವಡೆ, ತುಂಡುಬಟ್ಟೆಯ ಕೆಲಸ. ಇಲ್ಲಿ ನೀಲಿಗೆ ಕೆಂಪು ಎದುರಾಳಿಯಲ್ಲ, ಕೆಂಪು ಅಪಾಯವೂ ಅಲ್ಲ. ಇನ್ನೊಂದು ಕೆಂಪು ಅದಿರಿನದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವ ಹೊತ್ತಿಗೆ ಲಾರಿ ಓಡಾಡುವ ರಸ್ತೆಗಳ ಎರಡೂ ಬದಿಯ ಎಲೆಗಳಿಗೆ ಹತ್ತಿದ್ದ ಬಣ್ಣ ಅದು. ಹಾಗಾಗಿ ಗೋಡೆಯ ಕೆಂಪು ಪಟ್ಟೆಯನ್ನು ಕಂಡವರು ಧೂಳನ್ನು ನೆನೆದರೆ ತಪ್ಪೇನಿಲ್ಲ. ಆದರೆ ವಿಜ್ಞಾನದ ದೃಷ್ಟಿಯಲ್ಲಿ ಧೂಳು ಮತ್ತು ತಾಪ ಎರಡು ಬೇರೆ ಸಂಗತಿಗಳು. ಧೂಳು ಕಣ್ಣಿಗೆ ಕಾಣುತ್ತದೆ, ಮಳೆ ಬಂದರೆ ಕೂರುತ್ತದೆ. ಉಕ್ಕಿಗಾಗಿ ಕಲ್ಲಿದ್ದಲು ಉರಿದಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಕಾಣುವುದಿಲ್ಲ, ಕೂರುವುದೂ ಇಲ್ಲ; ಅದು ಬಿಸಿ ಮಾಡುವುದು ವಡ್ಡುವನ್ನಷ್ಟೇ ಅಲ್ಲ. ಕಂಡದ್ದನ್ನು ಮತ್ತಷ್ಟು ಕಾಣಿಸುವುದು ಸುಲಭ. ಕಲೆಗೆ ಕಷ್ಟವಿರುವುದು ಕಾಣದ್ದನ್ನು ಕಾಣಿಸುವುದರಲ್ಲಿ.

ದತ್ತಾಂಶವನ್ನು ಕಣ್ಣಳತೆಯಲ್ಲೇ ಓದುವ ರೂಢಿ ಈ ಭಾಗಕ್ಕೆ ಹೊಸದಲ್ಲ. ಹಂಪಿಯಲ್ಲಿ ವಿಠ್ಠಲ ದೇವಾಲಯದ ಬಳಿ, ತುಂಗಭದ್ರೆಯ ದಡದಲ್ಲಿರುವ ಪುರಂದರ ಮಂಟಪ ಮುಳುಗಿತೆಂಬ ಸುದ್ದಿ ಮಳೆಗಾಲದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನೀರು ಎಷ್ಟು ಕ್ಯೂಸೆಕ್ ಎಂದು ಹೇಳಿದರೆ ತಲೆಗೆ ಹೋಗದವರಿಗೂ ಕಂಬಗಳ ಯಾವ ಮಟ್ಟಕ್ಕೆ ಬಂದಿದೆ ಎಂದರೆ ಸಾಕು. ಬರದ ವರ್ಷಗಳ ನೀರಿನ ಮಟ್ಟವನ್ನು ಕೆತ್ತಿಟ್ಟ, ಯುರೋಪಿನ ಎಲ್ಬ್ ನದಿಯ ಬರಗಲ್ಲುಗಳು ನೀರು ಇಳಿದಾಗ ಮಾತಾಡಿದರೆ ಈ ಮಂಟಪ ನೀರು ಏರಿದಾಗ ಮಾತಾಡುತ್ತದೆ.

ಆದರೆ ಈ ಅಳತೆಗೋಲನ್ನು ನೇರವಾಗಿ ಹವಾಮಾನದ ಸಾಕ್ಷಿಯೆಂದು ಹಿಡಿಯುವಂತಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಸಿದ್ಧವಾದ ಮೇಲೆ ಹಂಪಿಯ ಹೊಳೆಗೆ ನೀರು ಬರುವುದು 33 ಕ್ರಸ್ಟ್ ಗೇಟುಗಳ ಅಪ್ಪಣೆಯಂತೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆಗ ಹರಿದ ನೀರಿಗೆ ಕಾರಣ ಮುಂಗಾರಷ್ಟೇ ಅಲ್ಲ, ಹಳೆಯ ಕಬ್ಬಿಣವೂ ಹೌದು. ಹೂಳಿನ ಲೆಕ್ಕ ಬೇರೆ: ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಈಗ 105 ಟಿಎಂಸಿ ಆಸುಪಾಸಿಗೆ ಇಳಿದಿದೆ. ಅಂದರೆ ಹಿಂದಿನಷ್ಟೇ ಮಳೆ ಬಿದ್ದರೂ ಜಲಾಶಯ ಬೇಗ ತುಂಬುತ್ತದೆ, ಮಂಟಪವೂ ಬೇಗ ಮುಳುಗಬಹುದು. ಮಂಟಪದ ಚಿತ್ರದ ಪಕ್ಕದಲ್ಲಿ ಒಳಹರಿವು, ಹೊರಹರಿವು, ಸಂಗ್ರಹ ಈ ಮೂರೂ ಇಲ್ಲದಿದ್ದರೆ ಅದು ಸುಂದರವಾದ ತಪ್ಪು ಮಾಹಿತಿ.

ಕಾಲವನ್ನು ಹೇಗೆ ತುಂಡು ಮಾಡುತ್ತೇವೆ ಎಂಬುದೂ ಮುಖ್ಯ. ಹವಾಮಾನ ಇಲಾಖೆ ಜೂನ್‌ನಿಂದ ಸೆಪ್ಟೆಂಬರಿನ ಮೊತ್ತ ಕೊಡುತ್ತದೆ. ರೈತ ಮಳೆಯನ್ನು ಎಣಿಸುವುದು ನಕ್ಷತ್ರಗಳ ಲೆಕ್ಕದಲ್ಲಿ: ಅವನು ಕೇಳುವುದು ಮಿರಗ (ಮೃಗಶಿರಾ) ಹಿಡಿಯಿತೇ, ಆರಿದ್ರೆ ಕೈಕೊಟ್ಟಿತೇ ಎಂದು. ಸೂರ್ಯ ಒಂದು ನಕ್ಷತ್ರದಲ್ಲಿರುವುದು ಹದಿಮೂರು, ಹದಿನಾಲ್ಕು ದಿನ. ಬಿತ್ತನೆಯ ಆರಿದ್ರೆ ಒಣಗಿ ಕೊಯ್ಲಿನ ಹೊತ್ತಿಗೆ ಸುರಿದರೂ ಮೊತ್ತ ‘ವಾಡಿಕೆಯಷ್ಟೇ’ ಇರಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಅವುಗಳ ದಿನದ ಅಂಕಿಗಳನ್ನು ಮಳೆ ನಕ್ಷತ್ರಗಳಿಗೆ ಹಂಚಿ ಜೋಡಿಸಲು ಹೊಸ ಉಪಕರಣವೇನೂ ಬೇಡ. (ನಕ್ಷತ್ರದ ಲೆಕ್ಕ ಋತುಮಾನದಿಂದ ಸುಮಾರು 72 ವರ್ಷಕ್ಕೊಂದು ದಿನ ಸರಿಯುತ್ತದೆ. ಮೂವತ್ತು ವರ್ಷದ ಹೋಲಿಕೆಗೆ ಇದು ತೊಡಕಲ್ಲ. ವಿಜಯನಗರ ಕಾಲದ ಮಳೆಯನ್ನು ಇಂದಿನದರೊಡನೆ ಹೋಲಿಸ ಹೊರಟವರು ಮಾತ್ರ ಸುಮಾರು ಆರರಿಂದ ಹತ್ತು ದಿನದ ವ್ಯತ್ಯಾಸ ನೆನಪಿಡಬೇಕು.)

ಹೀಗೆ ಜೋಡಿಸಿದ ಮಳೆಯನ್ನು ಬಟ್ಟೆಯ ಮೇಲೆ ತರಬಹುದೇ? 2023ರ ಜುಲೈನಲ್ಲಿ ಹಂಪಿಯ ಜಿ-20 ಸಂಸ್ಕೃತಿ ಸಭೆಯ ವೇಳೆ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ತಯಾರಿಸಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಅದೇ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಕೌಶಲವೂ ದತ್ತಾಂಶವೂ ಒಂದೇ ಸೀಮೆಯಲ್ಲಿದ್ದವು, ಒಂದಕ್ಕೊಂದು ಮುಖಾಮುಖಿಯಾಗಲಿಲ್ಲ. ಹಾಗೆಂದು ನಕ್ಷೆಯನ್ನು ಕೈಗಿತ್ತು ಹೊಲಿಯಿರಿ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಅದು ಕೂಲಿ, ಸಂವಹನವಲ್ಲ. ಬಣ್ಣವನ್ನು ಅದರ ಪಾಡಿಗೆ ಬಿಟ್ಟು ಹೊಲಿಗೆಯ ದಟ್ಟಣೆಯಿಂದ ಮಳೆಯನ್ನೂ, ಕನ್ನಡಿಯಿಲ್ಲದ ಖಾಲಿ ಜಾಗದಿಂದ ಒಣ ನಕ್ಷತ್ರವನ್ನೂ ಸೂಚಿಸಬಹುದು. ಆದರೆ ಯಾವುದು ಯಾವುದರ ಗುರುತು ಎಂಬ ತೀರ್ಮಾನ ಸೂಜಿ ಹಿಡಿದವರದೇ ಆಗಿರಬೇಕು, ಆ ಗುರುತಿನ ಪಟ್ಟಿ ಬಟ್ಟೆಯ ಅಂಚಿನಲ್ಲೇ ಹೊಲಿದಿರಬೇಕು. ಆಗ ಮಳೆಮಾಪಕದ ಅಂಕಿಯೊಡನೆ ಯಾರು ಬೇಕಾದರೂ ತಾಳೆ ನೋಡಬಹುದು. ತಪ್ಪಿದ್ದರೆ ಬಿಚ್ಚಿ ಹೊಲಿಯಬಹುದು.